ಕವಲು ಎಣಿಸಿ ಗುಂಡು: ಕೊಂಬಿನ ನಿಯಮ ಜಿಂಕೆಗಳಿಗೆ ಏನು ಮಾಡಿತು?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾಡಿನಲ್ಲಿ ಒಬ್ಬ ಬೇಟೆಗಾರ ಕೂತಿದ್ದಾನೆ ಅಂದುಕೊಳ್ಳಿ. ಕೈಯಲ್ಲಿ ಬಂದೂಕಿದೆ, ಜೇಬಿನಲ್ಲಿ ಲೈಸೆನ್ಸ್ ಇದೆ, ಬೇಟೆಯ ಸೀಸನ್ನೂ ಶುರುವಾಗಿದೆ. ಎದುರಿಗೆ ಒಂದು ಗಂಡು ಜಿಂಕೆ ಬಂದು ನಿಲ್ಲುತ್ತದೆ. ಆದರೂ ಅವನು ತಕ್ಷಣ ಗುಂಡು ಹೊಡೆಯುವ ಹಾಗಿಲ್ಲ. ಮೊದಲು ಎಣಿಸಬೇಕು. ಒಂದು ಪಕ್ಕದ ಕೊಂಬಿನಲ್ಲಿ ಕನಿಷ್ಠ ಮೂರು ಕವಲು ಇದೆಯಾ? ಒಂದೊಂದು ಕವಲೂ ಒಂದು ಇಂಚಾದರೂ ಉದ್ದ ಇದೆಯಾ? ಇದ್ದರೆ ಹೊಡೆಯಬಹುದು. ಇಲ್ಲದಿದ್ದರೆ ಸುಮ್ನೆ ನೋಡುತ್ತಾ ಕೂರಬೇಕು.

2002ರಿಂದ ಅಲ್ಲಿ ಇದು ಕಾನೂನು. ಇಂಥ ನಿಯಮ ಬೇರೆ ಬೇರೆ ರೂಪದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇದರ ಕಥೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಂದರೆ ಅಪರಾಧ. ಹಾಗಾಗಿ ಇದು ನಮಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದ್ದು ಬೇರೆ ವಿಷಯ. ಸಾಯುವ ಪ್ರಾಣಿಯನ್ನು ಅದರ ತಲೆ ಮೇಲಿನ ಅಲಂಕಾರ ನೋಡಿ ಆರಿಸಿದರೆ, ಉಳಿದ ಹಿಂಡು ಎಂಥದ್ದಾಗುತ್ತದೆ? ಒಂದೇ ಥರದ ನಿಯಮ ಒಂದು ರಾಜ್ಯದಲ್ಲಿ ಗೆದ್ದಿತು, ಇನ್ನೊಂದರಲ್ಲಿ ಉಲ್ಟಾ ಹೊಡೆಯಿತು. ಯಾಕೆ ಅನ್ನುವುದೇ ಇವತ್ತಿನ ಮಾತು.

ಮೊದಲು ಕೊಂಬಿನ ಬಗ್ಗೆ ಸ್ವಲ್ಪ. ಹಸುವಿನ ಕೊಂಬು ಒಮ್ಮೆ ಬಂದರೆ ಜೀವನಪೂರ್ತಿ ಇರುತ್ತದೆ. ಜಿಂಕೆಯದು ಹಾಗಲ್ಲ. ಅದು ಪೂರ್ತಿ ಮೂಳೆ, ಪ್ರತಿ ವರ್ಷ ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಗೆ ಏಪ್ರಿಲ್ ಹೊತ್ತಿಗೆ ಕೊಂಬು ಚಿಗುರುತ್ತದೆ. ಬೇಸಿಗೆಯೆಲ್ಲ ಅದರ ಮೇಲೆ ಮಖಮಲ್ಲಿನಂಥ ಚರ್ಮ, ಒಳಗೆ ರಕ್ತ ಹರಿಯುತ್ತಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕೊಂಬು ಗಟ್ಟಿಯಾಗಿ ಆ ಚರ್ಮ ಕಿತ್ತುಹೋಗುತ್ತದೆ. ನವೆಂಬರಿನಲ್ಲಿ ಬೆದೆ, ಗಂಡುಗಳ ಕಾದಾಟ. ಚಳಿಗಾಲ ಮುಗಿಯುವುದರೊಳಗೆ ಕೊಂಬು ಬಿದ್ದುಹೋಗುತ್ತದೆ. ಹಗಲು ಎಷ್ಟು ಉದ್ದ ಅನ್ನುವುದೇ ಈ ಚಕ್ರವನ್ನು ತಿರುಗಿಸುವುದು. ಅದಕ್ಕೇ ಅಲ್ಲಿ ಎಲ್ಲ ಗಂಡುಗಳೂ ಹೆಚ್ಚೂಕಡಿಮೆ ಒಟ್ಟಿಗೇ ನಡೆಯುತ್ತವೆ. ಬಂಡೀಪುರಕ್ಕೆ ಹೋದಾಗ ಗಮನಿಸಿ, ನಮ್ಮ ಚುಕ್ಕೆ ಜಿಂಕೆಗಳಲ್ಲಿ ಅಷ್ಟು ಶಿಸ್ತಿಲ್ಲ. ಒಂದೇ ಹಿಂಡಿನಲ್ಲಿ ಒಂದಕ್ಕೆ ಗಟ್ಟಿ ಕೊಂಬು, ಪಕ್ಕದ್ದಕ್ಕೆ ಮಖಮಲ್ಲು, ಮತ್ತೊಂದು ಬೋಳು ತಲೆ.

ಕೊಂಬು ಎಷ್ಟು ದೊಡ್ಡದಾಗುತ್ತದೆ ಅನ್ನುವುದನ್ನು ಮೂರು ಸಂಗತಿ ತೀರ್ಮಾನಿಸುತ್ತವೆ: ವಯಸ್ಸು, ಮೇವು, ವಂಶ. ಒಂದೂವರೆ ವರ್ಷದ ಗಂಡಿಗೆ ಮೊದಲ ಸಲ ನಿಜವಾದ ಕೊಂಬು ಬರುತ್ತದೆ. ಆಗ ಅದರ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ, ಕೊಂಬಿಗೆ ಸಿಗುವುದು ಉಳಿದದ್ದು. ಪೂರ್ತಿ ಕೊಂಬು ಬರಬೇಕಾದರೆ ಐದು ಆರು ವರ್ಷವಾದರೂ ಬೇಕು. ಮೇ ಕೊನೆಯಲ್ಲಿ ಹುಟ್ಟಿದ ಮರಿಗೂ ಆಗಸ್ಟಿನಲ್ಲಿ ತಡವಾಗಿ ಹುಟ್ಟಿದ ಮರಿಗೂ ಮೊದಲ ಕೊಂಬಿನಲ್ಲಿ ತುಂಬಾ ವ್ಯತ್ಯಾಸ. ಒಂದಕ್ಕೆ ಆರು ಕವಲು ಬಂದಿರಬಹುದು, ಇನ್ನೊಂದಕ್ಕೆ ಮೊಳೆ ಥರ ಎರಡು ಒಂಟಿ ಕಡ್ಡಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಪೆನ್ಸಿಲ್ವೇನಿಯಾ. 1890ರ ದಶಕದಲ್ಲಿ ಅಲ್ಲಿ ಜಿಂಕೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಕಾಡು ಕಡಿದಿದ್ದರು, ಮಾಂಸದ ವ್ಯಾಪಾರಕ್ಕೆ ಸಿಕ್ಕಸಿಕ್ಕದ್ದನ್ನು ಹೊಡೆದಿದ್ದರು. 1895ರಲ್ಲಿ ಗೇಮ್ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆ ಹುಟ್ಟಿತು. ಬೇರೆ ರಾಜ್ಯಗಳಿಂದ ಜಿಂಕೆ ತಂದು ಬಿಟ್ಟರು. 1907ರಲ್ಲಿ ಹೆಣ್ಣು ಜಿಂಕೆಯನ್ನು ಹೊಡೆಯಬಾರದು ಅಂತ ಕಾನೂನು ಮಾಡಿದರು. ಆ ಹೊತ್ತಿಗೆ ಅದು ಸರಿಯಾದ ಕಾನೂನೇ. ಹೆಣ್ಣು ಉಳಿದರೆ ಮರಿ, ಮರಿ ಉಳಿದರೆ ಹಿಂಡು.

ಆದರೆ ಕಾನೂನು ಸಡಿಲವಾದ ಮೇಲೂ ಅದು ಹುಟ್ಟಿಸಿದ ನಂಬಿಕೆ ಸಡಿಲವಾಗಲಿಲ್ಲ. ಅಪ್ಪ ಮಗನಿಗೆ ಹೇಳಿಕೊಟ್ಟ, ಮಗ ಮೊಮ್ಮಗನಿಗೆ: ಮರ್ಯಾದಸ್ಥ ಬೇಟೆಗಾರ ಹೆಣ್ಣನ್ನು ಮುಟ್ಟುವುದಿಲ್ಲ. ಕೊಂಬು ಕಂಡರೆ ಮಾತ್ರ ಹೊಡೆಯುತ್ತಾನೆ. ಆ ರಾಜ್ಯದಲ್ಲಿ ಇದು ಎಷ್ಟು ದೊಡ್ಡ ಹಬ್ಬ ಗೊತ್ತಾ? ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಗಂಡು ಜಿಂಕೆಯ ಸೀಸನ್ ಶುರುವಾಗುತ್ತಿತ್ತು. ಎಷ್ಟೋ ಊರುಗಳಲ್ಲಿ ಅವತ್ತು ಸ್ಕೂಲಿಗೇ ರಜೆ. ಸೀಸನ್ನಿನ ಮೊದಲ ದಿನವನ್ನು ಶನಿವಾರಕ್ಕೆ ಬದಲಿಸಿದ್ದು 2019ರಲ್ಲಿ. ಅದಕ್ಕೂ ಎಷ್ಟೋ ಜನ ಸಿಟ್ಟಾದರು ಅನ್ನಿ.

ಕೊಂಬು ಅಂದರೆ ಎಷ್ಟು? ಹಳೆಯ ನಿಯಮದಲ್ಲಿ ಮೂರು ಇಂಚಿನ ಒಂದು ಕಡ್ಡಿ ಇದ್ದರೂ ಸಾಕಿತ್ತು. ಅಂದರೆ ಒಂದೂವರೆ ವರ್ಷದ ಮರಿಗಂಡುಗಳೆಲ್ಲ ಲೆಕ್ಕಕ್ಕೆ ಬಂದವು. ಪರಿಣಾಮ ಏನಾಯಿತು ನೋಡಿ. ಆ ವಯಸ್ಸಿನ ಗಂಡುಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ, ಕೊಂಬು ಬಂದ ಮೊದಲ ವರ್ಷವೇ ಗುಂಡಿಗೆ ಬಲಿಯಾಗುತ್ತಿದ್ದವು. ಎರಡೂವರೆ ವರ್ಷದ ಗಂಡು ಅಪರೂಪ. ನಾಲ್ಕು ವರ್ಷದ್ದು ಕಂಡರೆ ಊರೆಲ್ಲ ಸುದ್ದಿ. ಇತ್ತ ಹೆಣ್ಣುಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಅವು ಓಕ್, ಮೇಪಲ್ ಸಸಿಗಳನ್ನು ತಲೆ ಎತ್ತಲು ಬಿಡದೆ ಮೇಯ್ದವು. ಎಷ್ಟೋ ಕಡೆ ಕಾಡಿನ ನೆಲದಲ್ಲಿ ಜಿಂಕೆ ತಿನ್ನದ ಜರಿಗಿಡ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಮೇಲೆ ಹಳೆಯ ಮರ, ಕೆಳಗೆ ಜರಿ, ನಡುವೆ ಮುಂದಿನ ತಲೆಮಾರಿನ ಮರಗಳೇ ಇಲ್ಲ.

ಇಲ್ಲಿ ಗ್ಯಾರಿ ಆಲ್ಟ್ ಬರುತ್ತಾರೆ. ಗೇಮ್ ಕಮಿಷನ್ನಿನ ಜೀವವಿಜ್ಞಾನಿ. ಅದಕ್ಕೂ ಮೊದಲು ಕರಡಿಗಳ ಅಧ್ಯಯನದಿಂದ ಹೆಸರಾದವರು, ಜನ ಇಷ್ಟಪಡುತ್ತಿದ್ದ ಮನುಷ್ಯ. ಜಿಂಕೆಗಳ ಜವಾಬ್ದಾರಿ ಅವರ ಹೆಗಲಿಗೆ ಬಂತು. ಕಾಡು ಉಳಿಯಬೇಕಾದರೆ ಹೆಣ್ಣು ಜಿಂಕೆಗಳು ಕಡಿಮೆ ಆಗಲೇಬೇಕು ಅಂತ ಅವರಿಗೆ ಗೊತ್ತಿತ್ತು. ಅದನ್ನು ಬೇಟೆಗಾರರಿಗೆ ಹೇಳುವುದು ಹೇಗೆ? ಊರೂರು ತಿರುಗಿ ಸಭೆ ಮಾಡಿದರು. ಅವರ ಮಾತಿನ ಸಾರ ಇಷ್ಟು: ನೀವು ಹೆಣ್ಣುಗಳನ್ನು ಹೊಡೆಯಿರಿ, ಮರಿಗಂಡುಗಳನ್ನು ಬಿಡಿ, ನಿಮಗೆ ದೊಡ್ಡ ಕೊಂಬಿನ ಗಂಡು ಸಿಗುತ್ತದೆ. 2001ರಲ್ಲಿ ಬಂದೂಕಿನ ಸೀಸನ್ನಿನಲ್ಲಿ ಗಂಡು, ಹೆಣ್ಣು ಎರಡನ್ನೂ ಒಟ್ಟಿಗೇ ಹೊಡೆಯಲು ಅವಕಾಶ ಕೊಟ್ಟರು. 2002ರಲ್ಲಿ ಕೊಂಬಿನ ನಿಯಮ. ಹೆಚ್ಚಿನ ಕಡೆ ಒಂದು ಪಕ್ಕಕ್ಕೆ ಮೂರು ಕವಲು, ಮೇವು ಚೆನ್ನಾಗಿರುವ ಪಶ್ಚಿಮದ ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ನಾಲ್ಕು. ಮಕ್ಕಳಿಗೆ ವಿನಾಯಿತಿ. ಮೊದಲ ಜಿಂಕೆ ಹೊಡೆಯುವ ಹುಡುಗನನ್ನು ಕವಲು ಎಣಿಸು ಅಂತ ಕೂರಿಸಿದರೆ ಅವನು ಮುಂದಿನ ವರ್ಷ ಬರುವುದೇ ಇಲ್ಲ ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ಮಾತು. ನಮ್ಮ ಅರಣ್ಯ ಇಲಾಖೆ ಸರ್ಕಾರದ ಬಜೆಟ್ಟಿನಲ್ಲಿ ನಡೆಯುತ್ತದೆ. ಅಲ್ಲಿ ವನ್ಯಜೀವಿ ಸಂಸ್ಥೆಗಳಿಗೆ ಬೇಟೆಗಾರರ ಲೈಸೆನ್ಸ್ ಹಣ ದೊಡ್ಡ ಆಧಾರ. ಅದರ ಜೊತೆಗೆ 1937ರ ಕಾನೂನಿನ ಪ್ರಕಾರ ಬಂದೂಕು, ಗುಂಡುಗಳ ಮೇಲೆ ಹಾಕುವ ತೆರಿಗೆಯ ಪಾಲು ಬರುತ್ತದೆ. ಆದ್ದರಿಂದ ವಿಜ್ಞಾನಿ ಸರಿ ಹೇಳಿದರೆ ಮಾತ್ರ ಸಾಲದು, ಬೇಟೆಗಾರ ಒಪ್ಪಲೂ ಬೇಕು. ಆಲ್ಟ್ ಅವರಿಗೆ ಚಪ್ಪಾಳೆಯೂ ಸಿಕ್ಕಿತು, ಬೆದರಿಕೆಯೂ ಬಂತು. 2004ರ ಕೊನೆಗೆ ಅವರು ಕೆಲಸ ಬಿಟ್ಟರು.

ಫಲಿತಾಂಶ? ಮೊದಲ ವರ್ಷ ಬೇಟೆಗಾರರು ಹೊಡೆದ ಗಂಡುಗಳ ಸಂಖ್ಯೆ ಬಿತ್ತು. 2001ರಲ್ಲಿ 2 ಲಕ್ಷ ದಾಟಿದ್ದು 2002ರಲ್ಲಿ ಸುಮಾರು 1 ಲಕ್ಷ 65 ಸಾವಿರಕ್ಕೆ ಇಳಿಯಿತು. ಬೀಳಲೇಬೇಕಲ್ಲ, ಮರಿಗಂಡುಗಳನ್ನು ಬಿಟ್ಟರಲ್ಲ. ಹೀಗೆ ಬಿಟ್ಟ ಗಂಡುಗಳು ನಿಜವಾಗಿ ಬದುಕುತ್ತವಾ, ಇಲ್ಲ ಕಾರಿಗೋ ಚಳಿಗೋ ಸಾಯುತ್ತವಾ? ಇದನ್ನು ನೋಡಲು 2002ರಿಂದ 2005ರವರೆಗೆ ಆರ್ಮ್‌ಸ್ಟ್ರಾಂಗ್ ಮತ್ತು ಸೆಂಟರ್ ಅನ್ನುವ ಎರಡು ಕೌಂಟಿಗಳಲ್ಲಿ ನೂರಾರು ಗಂಡುಗಳಿಗೆ ರೇಡಿಯೋ ಕಾಲರ್ ಹಾಕಿದರು. ಒಂದು ನಾಲ್ಕು ಕವಲಿನ ಜಾಗ, ಇನ್ನೊಂದು ಮೂರು ಕವಲಿನದು. ಒಂದೂವರೆ ವರ್ಷದವುಗಳಲ್ಲಿ ಬೇಟೆಗೆ ಬಲಿಯಾದದ್ದು ಹತ್ತಿರ ಹತ್ತಿರ ಮೂರರಲ್ಲಿ ಒಂದು ಭಾಗ ಮಾತ್ರ. ಹಿಂದೆ ಐದರಲ್ಲಿ ನಾಲ್ಕು ಹೋಗುತ್ತಿದ್ದವು! ಈಚಿನ ವರ್ಷಗಳಲ್ಲಿ ಆ ರಾಜ್ಯದಲ್ಲಿ ಹೊಡೆದ ಗಂಡುಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಎರಡೂವರೆ ವರ್ಷ ಅಥವಾ ಅದಕ್ಕೂ ದೊಡ್ಡವು. ಬೇಟೆಗಾರರ ಕಣ್ಣಿಗೆ ಕಂಡ ದೊಡ್ಡ ಕೊಂಬಿನ ಗುಟ್ಟು ಇದೇ. ಯಾವ ಜಿಂಕೆಯ ತಳಿಯೂ ಸುಧಾರಿಸಲಿಲ್ಲ. ಜಿಂಕೆಗೆ ಇನ್ನೊಂದು ಹುಟ್ಟುಹಬ್ಬ ಸಿಕ್ಕಿತು, ಅಷ್ಟೇ.

ಇದನ್ನು ಕಾನೂನೇ ಮಾಡಬೇಕಿತ್ತಾ? ಬೇಟೆಗಾರರು ತಾವೇ ಚಿಕ್ಕದನ್ನು ಬಿಡಬಹುದಿತ್ತಲ್ಲ? ರಸ್ತೆ ಬದಿಯ ಮಾವಿನ ಮರ ಯೋಚಿಸಿ. ಹಣ್ಣಾಗಲಿ ಅಂತ ಯಾರೂ ಕಾಯುವುದಿಲ್ಲ. ನಾನು ಬಿಟ್ಟರೆ ಮುಂದಿನವನು ಕೀಳುತ್ತಾನೆ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರೂ ಕಾಯಿಯನ್ನೇ ಕೀಳುತ್ತಾರೆ. ಜಿಂಕೆಯಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಮರಿಗಂಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಾಯಿಯ ಜಾಗ ಬಿಟ್ಟು ಎಷ್ಟೋ ಮೈಲಿ ಆಚೆ ಹೋಗಿ ನೆಲೆಸುತ್ತವೆ. ನಿಮ್ಮ ಜಮೀನಿನಲ್ಲಿ ನೀವು ಬಿಟ್ಟ ಗಂಡು ಮುಂದಿನ ವರ್ಷ ಬೇರೆ ಯಾರದೋ ಊರಿನಲ್ಲಿರುತ್ತದೆ.

ಇನ್ನು ಏನು ಬದಲಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಕೊಂಬಿನ ನಿಯಮದಿಂದ ಜಿಂಕೆಗಳ ಒಟ್ಟು ಸಂಖ್ಯೆ ಹತೋಟಿಗೆ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ಒಂದು ಗಂಡು ಎಷ್ಟೋ ಹೆಣ್ಣುಗಳಿಗೆ ಸಾಕು. ಹಿಂಡು ಬೆಳೆಯುವುದೂ ಕುಗ್ಗುವುದೂ ಹೆಣ್ಣುಗಳ ಲೆಕ್ಕದಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಕಡಿಮೆ ಆದದ್ದು ಹೆಣ್ಣುಗಳನ್ನು ಜಾಸ್ತಿ ಹೊಡೆದದ್ದರಿಂದ. ಎರಡೂ ಒಂದೇ ಹೊತ್ತಿಗೆ ಬಂದವು, ಜನ ಎರಡನ್ನೂ ಕಲಸಿದರು. ಕಾಡಿನಲ್ಲಿ ಜಿಂಕೆ ಕಾಣುತ್ತಿಲ್ಲ ಅಂತ ಸಿಟ್ಟಾದವರು ಕೊಂಬಿನ ನಿಯಮವನ್ನು ಬೈದರು, ಕೆಲವರು ಹೆಣ್ಣಿನ ಬೇಟೆ ನಿಲ್ಲಿಸಿ ಅಂತ ಕೋರ್ಟಿಗೂ ಹೋದರು. ಬೆದೆಯ ಕಾಲವೂ ಬದಲಾಗಲಿಲ್ಲ. ದೊಡ್ಡ ಗಂಡುಗಳು ಜಾಸ್ತಿಯಾದರೆ ಹೆಣ್ಣುಗಳು ಬೇಗ ಗಬ್ಬ ಆಗುತ್ತವೆ, ಮರಿಗಳು ಒಟ್ಟಿಗೆ ಹುಟ್ಟುತ್ತವೆ ಅಂತ ಒಂದು ನಿರೀಕ್ಷೆ ಇತ್ತು. ಮೊದಲೂ ನವೆಂಬರ್ ನಡುವೆ, ಆಮೇಲೂ ನವೆಂಬರ್ ನಡುವೆ.

ಈಗ ಕಥೆಯ ಇನ್ನೊಂದು ಮುಖ, ಮಿಸಿಸಿಪ್ಪಿ. ನನ್ನ ಪ್ರಕಾರ ಈ ವಿಷಯದಲ್ಲಿ ಕಲಿಯಬೇಕಾದ್ದೆಲ್ಲ ಇಲ್ಲೇ ಇದೆ. ಆ ರಾಜ್ಯ ಪೆನ್ಸಿಲ್ವೇನಿಯಾಕ್ಕಿಂತ ಮೊದಲೇ, 1995ರಲ್ಲಿ, ನಿಯಮ ತಂದಿತು. ಎರಡೂ ಕೊಂಬು ಸೇರಿ ಒಟ್ಟು ನಾಲ್ಕು ಕವಲು ಇದ್ದರೆ ಹೊಡೆಯಬಹುದು. ಇಡೀ ರಾಜ್ಯಕ್ಕೆ ಒಂದೇ ಅಳತೆ. ಸರಳ, ಅಲ್ವಾ? ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಕೆಲವು ವರ್ಷ ಬಿಟ್ಟು ಅಳೆದು ನೋಡಿದರೆ, ಕೆಲವು ಜಾಗಗಳಲ್ಲಿ ಎರಡೂವರೆ, ಮೂರೂವರೆ ವರ್ಷದ ಗಂಡುಗಳ ಕೊಂಬು ಮೊದಲಿಗಿಂತ ಚಿಕ್ಕದಾಗಿತ್ತು. ದೊಡ್ಡದಾಗಲಿ ಅಂತ ಮಾಡಿದ ನಿಯಮ!

ಹೇಗೆ ಅಂತ ಒಂದು ಲೆಕ್ಕ ಹಾಕೋಣ. ಒಂದೂವರೆ ವರ್ಷದ ಹತ್ತು ಗಂಡುಗಳಿವೆ ಅನ್ನಿ. ನಾಲ್ಕಕ್ಕೆ ಚೆನ್ನಾಗಿ ಬೆಳೆದ ಕೊಂಬು, ಆರು ಏಳು ಕವಲು. ಉಳಿದ ಆರಕ್ಕೆ ಒಂಟಿ ಕಡ್ಡಿ. ನಿಯಮ ಏನು ಹೇಳುತ್ತದೆ? ಆ ನಾಲ್ಕನ್ನು ಹೊಡೆಯಬಹುದು, ಈ ಆರನ್ನು ಮುಟ್ಟಬಾರದು. ನಾಲ್ಕರಲ್ಲಿ ಮೂರು ಹೋದವು. ಮುಂದಿನ ವರ್ಷ ಉಳಿದ ಏಳರಲ್ಲಿ ಒಂದು ಮಾತ್ರ ಒಳ್ಳೆಯ ಕೊಂಬಿನದ್ದು. ಸರಾಸರಿ ತೆಗೆದರೆ ಕೊಂಬು ಚಿಕ್ಕದೇ ಬರುತ್ತದೆ. ಇಲ್ಲಿ ವಂಶವಾಹಿಯೇನೂ ಕೆಟ್ಟಿಲ್ಲ ನೋಡಿ. ಒಂದೇ ವರ್ಷ ಹುಟ್ಟಿದವುಗಳಲ್ಲಿ ಚೆನ್ನಾಗಿದ್ದವು ಮೊದಲು ಹೋದವು, ಅಷ್ಟೇ. ನಿಯಮವೇ ಬೇಟೆಗಾರನ ಕೈಹಿಡಿದು ಅವುಗಳ ಕಡೆ ತೋರಿಸಿತು.

ಮಣ್ಣಿನ ವಿಷಯವೂ ಇದೆ. ಮಿಸಿಸಿಪ್ಪಿ ನದಿಯ ಬಯಲು ಅಂದರೆ ಕಪ್ಪು ಮೆಕ್ಕಲು ಮಣ್ಣು, ಸೋಯಾ, ಜೋಳದ ಹೊಲ. ಅಲ್ಲಿ ಒಂದೂವರೆ ವರ್ಷದ ಗಂಡಿಗೇ ಆರು ಎಂಟು ಕವಲು ಬರುತ್ತದೆ. ದಕ್ಷಿಣದ ಮರಳು ನೆಲದ ಪೈನ್ ಕಾಡಿನಲ್ಲಿ ಅದೇ ವಯಸ್ಸಿಗೆ ಕಡ್ಡಿಯೂ ಸರಿಯಾಗಿ ಬರುವುದಿಲ್ಲ. ಎರಡಕ್ಕೂ ಒಂದೇ ಗೆರೆ ಎಳೆದರೆ ಒಂದು ಕಡೆ ಮರಿಗಳಿಗೆ ರಕ್ಷಣೆಯೇ ಇಲ್ಲ, ಇನ್ನೊಂದು ಕಡೆ ಕಳಪೆಯವಕ್ಕೆ ಮಾತ್ರ ರಕ್ಷಣೆ. ಕೊನೆಗೆ ಅವರು ಕವಲು ಎಣಿಸುವುದನ್ನೇ ಬಿಟ್ಟರು. ಎರಡು ಕೊಂಬುಗಳ ನಡುವಿನ ಅಗಲ ಇಷ್ಟು, ಅಥವಾ ಮುಖ್ಯ ಕೊಂಬಿನ ಉದ್ದ ಇಷ್ಟು ಅಂತ ಮಾಡಿದರು. ಆ ಅಳತೆಯೂ ನದಿ ಬಯಲಿಗೆ ಒಂದು, ಗುಡ್ಡದ ಕಡೆಗೆ ಇನ್ನೊಂದು.

ಅಗಲವನ್ನೇ ಯಾಕೆ ನೋಡಬೇಕು ಅಂದರೆ, ಕವಲಿಗಿಂತ ಅದು ವಯಸ್ಸನ್ನು ಚೆನ್ನಾಗಿ ಹೇಳುತ್ತದೆ. ಟೆಕ್ಸಸ್ 2002ರಲ್ಲಿ ಆರು ಕೌಂಟಿಗಳಲ್ಲಿ ಇದನ್ನು ಪ್ರಯೋಗಕ್ಕೆ ಇಟ್ಟಿತು. ಕೊಂಬುಗಳ ಒಳಗಿನ ಅಗಲ 13 ಇಂಚು ಇರಬೇಕು. ಕಾಡಿನಲ್ಲಿ ಟೇಪು ಹಿಡಿಯುವುದು ಯಾರು? ಅದಕ್ಕೊಂದು ಒಳ್ಳೆಯ ಉಪಾಯ ಸಿಕ್ಕಿತು. ಅಲ್ಲಿನ ಗಂಡು ಜಿಂಕೆ ಕಿವಿ ನಿಮಿರಿಸಿ ನಿಮ್ಮನ್ನೇ ನೋಡುವಾಗ, ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 13 ಇಂಚು. ಕೊಂಬು ಕಿವಿ ದಾಟಿದೆ ಅಂದರೆ ಹೊಡೆಯಬಹುದು. ಅಳತೆಗೋಲನ್ನು ಜಿಂಕೆಯೇ ತಲೆಯ ಮೇಲೆ ಹೊತ್ತು ತರುತ್ತದೆ! ಈ ನಿಯಮ ಈಗ ಅಲ್ಲಿ ನೂರಕ್ಕೂ ಹೆಚ್ಚು ಕೌಂಟಿಗಳಿಗೆ ಹಬ್ಬಿದೆ. ಪೆನ್ಸಿಲ್ವೇನಿಯಾವೂ 2011ರಲ್ಲಿ ಪಶ್ಚಿಮದ ನಿಯಮವನ್ನು ಸಡಿಲಿಸಿತು. ಹಣೆಯ ಹತ್ತಿರದ ಕವಲು ಕೂದಲಿನಲ್ಲಿ ಮುಚ್ಚಿಹೋಗಿ ಕಾಣುವುದಿಲ್ಲ, ಅದನ್ನು ಬಿಟ್ಟು ಮೇಲಿನ ಮೂರು ಇದ್ದರೆ ಸಾಕು ಅಂದಿತು. ನಿಯಮ ಎಷ್ಟೇ ಸರಿಯಿದ್ದರೂ ಮಂಜಿನಲ್ಲಿ, ಕೆಲವೇ ಕ್ಷಣದಲ್ಲಿ, ಕಣ್ಣಿಗೆ ಕಾಣಬೇಕಲ್ಲ.

ಟೆಕ್ಸಸ್ ನಿಯಮದಲ್ಲಿ ಇನ್ನೊಂದು ಅಂಶವಿದೆ. ಒಂದಾದರೂ ಕವಲಿಲ್ಲದ ಕೊಂಬಿದ್ದರೆ ಅದನ್ನೂ ಹೊಡೆಯಬಹುದು. ಅಂದರೆ ಒಂಟಿ ಕಡ್ಡಿಯವಕ್ಕೆ ಅಲ್ಲಿ ರಕ್ಷಣೆ ಇಲ್ಲ. ಇದರ ಹಿಂದೆ ಹಳೆಯ ಜಗಳವೊಂದಿದೆ. ಮೊದಲ ವರ್ಷ ಕಡ್ಡಿ ಬಂದದ್ದಕ್ಕೆ ಕೊನೆವರೆಗೂ ಕಳಪೆ ಕೊಂಬೇ ಅಂತ ಒಂದು ಗುಂಪು. ಇಲ್ಲ, ನಾಲ್ಕೈದು ವರ್ಷ ಬಿಟ್ಟರೆ ಅದೂ ಉಳಿದವುಗಳನ್ನು ಹಿಡಿಯುತ್ತದೆ ಅಂತ ಇನ್ನೊಂದು. ಎರಡಕ್ಕೂ ಸಂಶೋಧನೆಯ ಬೆಂಬಲವಿದೆ, ಜಗಳ ಮುಗಿದಿಲ್ಲ. ನನಗೆ ಎರಡನೆಯವರ ಮಾತು ಹೆಚ್ಚು ಒಪ್ಪಿಗೆ. ತಡವಾಗಿ ಹುಟ್ಟಿದ್ದು, ಮೇವು ಸಿಗದೇ ಇದ್ದದ್ದು ಜಿಂಕೆಯ ವಂಶದ ತಪ್ಪಲ್ಲ.

ವಂಶವನ್ನೇ ಬದಲಿಸುವುದು ಕಾಡಿನಲ್ಲಿ ಅಷ್ಟು ಸುಲಭವೂ ಅಲ್ಲ. ಕೊಂಬಿನ ಗುಣದ ಅರ್ಧ ಪಾಲು ತಾಯಿಯಿಂದ ಬರುತ್ತದೆ, ತಾಯಿಯ ತಲೆ ಮೇಲೆ ಕೊಂಬೇ ಇಲ್ಲ. ಬಿಳಿಬಾಲದ ಜಿಂಕೆಯಲ್ಲಿ ಕೆಲವು ಅವಳಿ ಮರಿಗಳಿಗೆ ಇಬ್ಬರು ಬೇರೆ ಬೇರೆ ಅಪ್ಪಂದಿರು ಇರುತ್ತಾರೆ. ಮರಿಗಂಡುಗಳೂ ಅಪ್ಪ ಆಗುತ್ತವೆ. ಆದರೆ ಬದಲಾಗುವುದೇ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಕೆನಡಾದ ಆಲ್ಬರ್ಟಾದಲ್ಲಿ ರಾಮ್ ಮೌಂಟನ್ ಅನ್ನುವ ಬೆಟ್ಟವಿದೆ. ಅಲ್ಲಿ ಕಾಡುಕುರಿಗಳ ಸುರುಳಿ ಕೊಂಬು ಇಷ್ಟು ಸುತ್ತಿದರೆ ಹೊಡೆಯಬಹುದು ಅಂತ ನಿಯಮ ಇತ್ತು. ಬೇಗ ಕೊಂಬು ಬೆಳೆಸಿದ ಟಗರುಗಳು ಸಂತಾನ ಪಡೆಯುವ ವಯಸ್ಸಿಗೆ ಮೊದಲೇ ಸತ್ತವು. ಮೂವತ್ತು ವರ್ಷದಲ್ಲಿ ಕೊಂಬುಗಳು ಕುಗ್ಗಿದವು ಅಂತ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಬಂತು. ಅದರಲ್ಲಿ ಮೇವಿನ ಕೊರತೆಯ ಪಾಲು ಎಷ್ಟು ಅಂತ ಆಮೇಲೆ ತುಂಬಾ ವಾದ ನಡೆದಿದೆ. ಕುರಿಯ ಕೊಂಬು ಉದುರುವುದಿಲ್ಲ, ಜಿಂಕೆಯದಕ್ಕೂ ಅದಕ್ಕೂ ಈ ವ್ಯತ್ಯಾಸ ಮರೆಯಬೇಡಿ.

ಇಂಥ ಆಯ್ಕೆ ನಮ್ಮ ಕಡೆಯೂ ನಡೆದಿದೆ, ಕಾನೂನಿನ ಹೊರಗೆ. ದಕ್ಷಿಣ ಭಾರತದಲ್ಲಿ ದಂತಚೋರರು ದಂತವಿರುವ ಗಂಡಾನೆಗಳನ್ನೇ ಕೊಂದರು. ಪೆರಿಯಾರಿನಲ್ಲಿ ಒಂದು ಹಂತಕ್ಕೆ ನೂರು ಹೆಣ್ಣಾನೆಗೆ ಒಂದು ಗಂಡು ಅನ್ನುವ ಸ್ಥಿತಿ ಬಂದಿತ್ತು.

ನಮ್ಮ ಕಾಡಿನಲ್ಲಿ ಬೇಟೆ ಇಲ್ಲವಲ್ಲ, ಹಾಗಾದರೆ ಇಲ್ಲಿ ಗಂಡು ಜಿಂಕೆ ಎಲ್ಲ ಮುದಿಯಾಗುತ್ತಾವಾ ಅಂತ ಇಲ್ಲೊಬ್ಬರು ಕೇಳಿದರು. ಇಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಹುಲಿ, ಚಿರತೆ, ಕಾಡುನಾಯಿಗಳು ಏನನ್ನು ಹಿಡಿಯುತ್ತವೆ ಅಂತ ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದರು. ಅವು ಆರಿಸಿ ಹಿಡಿದದ್ದು ಕಂಡುಬಂದ ಕಡೆಗಳಲ್ಲಿ, ಚುಕ್ಕೆ ಜಿಂಕೆ, ಕಡವೆ, ಕಾಡುಹಂದಿಗಳಲ್ಲಿ ಬೆಳೆದ ಗಂಡುಗಳೇ ಲೆಕ್ಕಕ್ಕಿಂತ ಜಾಸ್ತಿ ಬಲಿಯಾಗಿದ್ದವು. ಕಾಟಿಯಲ್ಲಿ ಮಾತ್ರ ಮರಿಗಳು. ಹುಲಿ ಕವಲು ಎಣಿಸುವುದಿಲ್ಲ. ಆದರೂ ಮೂರು ಇಂಚಿನ ಕಡ್ಡಿಯವನ್ನೇ ಗುಡಿಸಿಹಾಕುತ್ತಿದ್ದ ಹಳೆಯ ಪೆನ್ಸಿಲ್ವೇನಿಯಾದ ಬೇಟೆಗೂ ಇದಕ್ಕೂ ಎಷ್ಟು ಅಂತರ ನೋಡಿ.

ಕೊನೆಯದಾಗಿ ಒಂದು ತೊಡಕು. ಜಿಂಕೆಗಳ ಮಿದುಳನ್ನು ತಿನ್ನುವ ಒಂದು ಕಾಯಿಲೆ ಇದೆ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುತ್ತಾರೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗಮನಕ್ಕೆ ಬಂತು. ಮದ್ದಿಲ್ಲ, ಬಂದ ಜಿಂಕೆ ಬದುಕುವುದಿಲ್ಲ. ಈ ಕಾಯಿಲೆ ವಯಸ್ಸಾದ ಗಂಡುಗಳಲ್ಲಿ ಹೆಣ್ಣುಗಳಿಗಿಂತ ಜಾಸ್ತಿ ಸಿಗುತ್ತದೆ. ಮರಿಗಂಡುಗಳು ಊರು ಬಿಟ್ಟು ಹೋಗುವಾಗ ಅದನ್ನು ಹೊಸ ಜಾಗಕ್ಕೆ ಒಯ್ಯುತ್ತವೆ. ಕೊಂಬಿನ ನಿಯಮ ಮಾಡುವುದೇನು? ಅಲೆದಾಡುವ ಮರಿಗಂಡುಗಳನ್ನು ಉಳಿಸಿ ವಯಸ್ಸಾದ ಗಂಡುಗಳನ್ನಾಗಿ ಮಾಡುತ್ತದೆ. ಮಿಸೌರಿಯಲ್ಲಿ 2004ರಿಂದ ನಿಯಮ ಇತ್ತು, ಜನರಿಗೂ ಇಷ್ಟವಾಗಿತ್ತು. 2012ರಲ್ಲಿ ಅಲ್ಲಿನ ಕಾಡುಜಿಂಕೆಗಳಲ್ಲಿ ಕಾಯಿಲೆ ಕಂಡಾಗ ಸುತ್ತಲಿನ ಕೌಂಟಿಗಳಲ್ಲಿ ನಿಯಮವನ್ನು ತೆಗೆದುಹಾಕಿದರು. 2016ರಲ್ಲಿ ಕಾಯಿಲೆ ಕಂಡ ಆರ್ಕನ್ಸಾ ರಾಜ್ಯವೂ ಕಾಯಿಲೆ ಇರುವ ಕೌಂಟಿಗಳಲ್ಲಿ ಹಾಗೇ ಮಾಡಿತು. ಪೆನ್ಸಿಲ್ವೇನಿಯಾದಲ್ಲೂ ಕಾಯಿಲೆ 2012ರಿಂದ ಇದೆ, ಆದರೂ ಅವರು ಮೂರು ಕವಲಿನ ನಿಯಮವನ್ನು ಉಳಿಸಿಕೊಂಡು, ಕಾಯಿಲೆ ಇರುವ ಜಾಗಗಳಲ್ಲಿ ಹೆಣ್ಣು ಜಿಂಕೆಗೆ ಹೆಚ್ಚು ಪರವಾನಗಿ ಕೊಡುವ ದಾರಿ ಹಿಡಿದಿದ್ದಾರೆ.